ಗುಹೆಯಲ್ಲಿ ಅವ್ವನ ಕಿವಿ

ನಮ್ಮ ಕಡೆ ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಕಿವಿ. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಲೊಟಲೊಟ ಉರುಳಿದರೆ ಸುಲಿಯಬಹುದು. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು. ಈ ಸಲ ಅವಳು ಆಗಿದೆ ಎಂದ ಎಷ್ಟೋ ಕಾಯಿ ಒಡೆದಾಗ ನೀರು ಸುರಿಸಿದವು. ನಾನು ಮೆಲ್ಲಗೆ ಕಿವಿಯ ಮಾತೆತ್ತಿದೆ.

"ನನ್ನ ಕಿವಿ ನೆಟ್ಟಗೈತೆ. ನಿನ್ನ ತಲೆ ನೋಡ್ಕೊ" ಎಂದಳು. ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಬಳ್ಳಾರಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ನಾವಿಬ್ಬರೂ ಆಂಧ್ರದ ಒಂದು ಸುಣ್ಣಕಲ್ಲಿನ ಗುಹೆ ನೋಡಲು ಹೋದೆವು. ನಾನು ಎರಡು ಟಾರ್ಚು, ಒಂದು ಸೀಟಿ, ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡಿದ್ದೆ.

"ಮೇಲಿಂದ ಬಂಡೆ ಬಿದ್ರೆ ಗ್ಲೂಕೋಸ್ ಕುಡಿತೀಯೇನ್ಲಾ?" ಎಂದಳು ಅವ್ವ.

ಗುಹೆ ತೋರಿಸುವವನು ವಿವರಿಸಿದ. ಮಣ್ಣಿನೊಳಗೆ ಇಳಿದ ಮಳೆನೀರು ಸುಣ್ಣಕಲ್ಲನ್ನು ಇಷ್ಟಿಷ್ಟೇ ಕರಗಿಸಿಕೊಂಡು ಚಾವಣಿಯಿಂದ ತೊಟ್ಟಿಕ್ಕುತ್ತದಂತೆ. ಬೀಳುವ ಮುನ್ನ ಹನಿ ಒಂದು ಕಣ ಸುಣ್ಣವನ್ನು ಮೇಲೇ ಅಂಟಿಸುತ್ತದೆ, ಮಿಕ್ಕಿದ್ದನ್ನು ನೆಲಕ್ಕೆ ಕೊಡುತ್ತದೆ. ಮೇಲಿನ ಕಲ್ಲು ಇಳಿಯುತ್ತಾ, ಕೆಳಗಿನದು ಏಳುತ್ತಾ, ಸಾವಿರಾರು ವರ್ಷಕ್ಕೆ ಎರಡೂ ಸೇರಿ ಕಂಬವಾಗುತ್ತವೆ. ಮುಟ್ಟಬೇಡಿ, ಕೈಯ ಜಿಡ್ಡು ತಾಗಿದರೆ ಸುಣ್ಣ ಹಿಡಿಯುವುದಿಲ್ಲ, ಅಲ್ಲಿಗೆ ಬೆಳೆಯುವುದು ನಿಂತಿತು ಎಂದ. ನಮ್ಮದೋ ಕೊಬ್ಬರಿ ಎಣ್ಣೆಯಲ್ಲೇ ಬೆಳೆದ ಚರ್ಮ. ನಾನು ಎರಡೂ ಕೈ ಜೇಬಿಗೆ ಇಳಿಸಿದೆ.

ಅಷ್ಟರಲ್ಲಿ ಅವ್ವ ನೆಲದಿಂದ ಎದ್ದ ಒಂದು ಕಲ್ಲಿನ ಮೊಳಕೆಯ ಹತ್ತಿರ ಹೋಗಿ, ಕಾಯಿಯನ್ನು ನೋಡುವಂತೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯನ್ನು ಅದರ ಸಮೀಪಕ್ಕೆ ತಂದಳು. ಗುಹೆ ತೋರಿಸುವವನು ಹಿಂದಿನಿಂದ ಕೂಗಿದ. ಇನ್ನೊಮ್ಮೆ ಕೂಗಿದ. ಗುಹೆ ನೋಡಲು ಬಂದಿದ್ದವರೆಲ್ಲ ತಿರುಗಿದರು, ಅವಳೊಬ್ಬಳು ತಿರುಗಲಿಲ್ಲ. ಹೋಗಿ ಕೈ ಹಿಡಿದೆ.

ಮುಂದಿನ ತಿರುವಿನಲ್ಲಿ ಅವನು, ಸುಮ್ಮನೆ ನಿಂತು ಹನಿ ಬೀಳುವುದನ್ನು ಕೇಳಿ ಎಂದ. ಅವ್ವ ಗಂಭೀರವಾಗಿ ತಲೆದೂಗಿದಳು, ಒಂದು ಹನಿಯೂ ಬೀಳುವ ಮೊದಲೇ.

ಅವಳ ಅಂಗೈ ಬಿಡಿಸಿ, ಹನಿ ಬಿದ್ದಾಗ ಬೆರಳಿನಿಂದ ತಟ್ಟಿದೆ. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ. ಕೈ ಎಳೆದುಕೊಳ್ಳಲು ನೋಡಿದವಳು ಆಮೇಲೆ ಅಂಗೈಯನ್ನು ನನಗೇ ಬಿಟ್ಟು ಚಾವಣಿಯ ಕಡೆ ನೋಡಿದಳು.

"ಇಷ್ಟು ನಿಧಾನವಾ?" ಎಂದಳು.

ಹೂಂ ಎಂದು ತಲೆಯಾಡಿಸಿದೆ. ಜನ ಮಾತಾಡುತ್ತಾ ಮುಂದೆ ಹೊರಟರು. ಆ ಗದ್ದಲದಲ್ಲಿ ನನಗೂ ಹನಿ ಕೇಳಿಸಲಿಲ್ಲ. ಆದರೂ ಅಂದಾಜಿನ ಮೇಲೆ ತಟ್ಟುತ್ತಿದ್ದೆ.

"ಸುಳ್ಳು ತಟ್ಟಬ್ಯಾಡ ಕಣ್ಲಾ. ಹನಿ ಇನ್ನೂ ಮೇಲೇ ನೇತಾಡ್ತೈತೆ." ಚಾವಣಿಯಿಂದ ಕಣ್ಣು ತೆಗೆಯದೆಯೇ ಕೇಳಿದಳು: "ತಿಪಟೂರಲ್ಲಿ ಕಿವಿ ಡಾಕ್ಟ್ರು ಯಾವತ್ತು ಸಿಗ್ತಾರೆ?"

"ಸೋಮವಾರ" ಎಂದೆ, ಅವಳಿಗೆ ಕೇಳುವಷ್ಟು ಜೋರಾಗಿ. ಗುಹೆಯೂ ಒಮ್ಮೆ ಸೋಮವಾರ ಎಂದಿತು.