ಬಲಗಣ್ಣಿನ ಗೀಟುಗಳು

ನನ್ನ ಗಂಡ ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್ ಆಗಿದ್ದರು. ಮದುವೆಯಾಗಿ ನಾನು ನ್ಯಾಮತಿಯಿಂದ ಚನ್ನಗಿರಿಗೆ ಬಂದಾಗ ಮನೆಯಲ್ಲಿದ್ದದ್ದು ಎರಡು ಟ್ರಂಕು, ಒಂದು ಲಾಟೀನು, ಗೂಟಕ್ಕೆ ನೇತುಹಾಕಿದ್ದ ಒಂದು ಹಳೆಯ ದುರ್ಬೀನು, ಇಷ್ಟೇ. ಹೊಸದರಲ್ಲಿ ನಮಗೆ ಮಾತಾಡುವುದಕ್ಕೂ ನಾಚಿಕೆ. ಒಂದು ಸಂಜೆ ಅವರು ನನ್ನನ್ನು ಕೋಟೆ ಗುಡ್ಡಕ್ಕೆ ಕರೆದುಕೊಂಡು ಹೋಗಿ ದುರ್ಬೀನನ್ನು ಕೈಗೆ ಕೊಟ್ಟು, "ಆ ಹುಣಸೆಮರ ಎಷ್ಟು ದೂರ ಐತೆ ಹೇಳು ನೋಡಾನ" ಎಂದರು. ನಾನು ಬಾಯಿಗೆ ಬಂದದ್ದು ಹೇಳಿದೆ. ಅವರು ನಕ್ಕುಬಿಟ್ಟರು. ನಮ್ಮಿಬ್ಬರ ನಡುವಿನ ಬಿಗುವು ಸಡಿಲವಾದದ್ದು ಆವತ್ತು.

ದೂರ ಅಂದಾಜು ಮಾಡುವುದು ಅವರಿಗೆ ಚಟವೇ ಆಗಿತ್ತು. ಬಯಲಲ್ಲಿ ಮೇಯುವ ದನ, ಕೆರೆಯ ಆಚೆ ದಡದ ಗುಡಿಸಲು, ಎದುರು ಬರುವ ಎತ್ತಿನ ಗಾಡಿ, ಏನು ಕಂಡರೂ ಒಂದು ಲೆಕ್ಕ ಹೇಳುವರು, ಆಮೇಲೆ ನಡೆದು ನೋಡಿ ತಾಳೆ ಹಾಕುವರು. ಬಹಳ ಸಲ ಸರಿಯಾಗಿರುತ್ತಿತ್ತು. ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಅವರ ಮಾತಿನ ಮೇಲೆಯೇ ಕೆಲಸ ನಡೆಯುತ್ತಿತ್ತು. ಗುಡ್ಡದ ಮೇಲೆ ನಿಂತು ಹೊಗೆ ನೋಡಿ, ಬೆಂಕಿ ಎಷ್ಟು ದೂರದಲ್ಲಿದೆ, ಯಾವ ಗುಡ್ಡದ ಹಿಂದಿದೆ ಎಂದು ಅವರು ಹೇಳಬೇಕು. ಆ ಪ್ರಕಾರ ಗಾರ್ಡುಗಳು ಮುಂದೆ ಹೋಗಿ, ತರಗು ಗುಡಿಸಿ, ಬೆಂಕಿ ದಾಟದಂತೆ ಹಾದಿ ಬಿಡಿಸಬೇಕು.

ಎರಡನೆಯ ಮಹಾಯುದ್ಧ ಮುಗಿಯುತ್ತಾ ಬಂದ ವರ್ಷದ ಬೇಸಗೆಯಲ್ಲಿ ಉಬ್ರಾಣಿ ಕಡೆಯ ಕಾಡಿಗೆ ಬೆಂಕಿ ಬಿತ್ತು. ಅವರ ಕೈಕೆಳಗೆ ಉಬ್ರಾಣಿಯವನೇ ಆದ ಒಬ್ಬ ಗಾರ್ಡು ಇದ್ದ. ಸಂಬಳದ ದಿನ ಚನ್ನಗಿರಿಗೆ ಬಂದರೆ ನಮ್ಮ ಮನೆಯಲ್ಲಿ ಮಂಡಕ್ಕಿ ತಿಂದು, "ಅಕ್ಕಾರೆ, ಖಾರ ಕಮ್ಮಿ ಆತು" ಎಂದು ನನ್ನನ್ನು ರೇಗಿಸದೆ ಹೋಗುತ್ತಿರಲಿಲ್ಲ. ಆ ಮಧ್ಯಾಹ್ನ ನನ್ನ ಗಂಡ ದುರ್ಬೀನಿನಲ್ಲಿ ಹೊಗೆ ನೋಡಿ, "ಎರಡನೇ ಗುಡ್ಡದ ಹಿಂದೈತೆ, ಬೇಕಾದಷ್ಟು ಟೈಮೈತೆ" ಎಂದು ಅವನನ್ನು ಕೆಳಗಿನ ಕಣಿವೆಗೆ ಕಳಿಸಿದರು. ಬೆಂಕಿ ಇದ್ದದ್ದು ಮೊದಲನೆಯ ಗುಡ್ಡದ ಈಚೆಗೆ. ಅವನು ಕಣಿವೆಯಿಂದ ಹೊರಗೆ ಬರಲಿಲ್ಲ. ಮಾರನೆಯ ದಿನ ಅವನನ್ನು ಕಂಬಳಿಯಲ್ಲಿ ಸುತ್ತಿ ತಂದರು. ಹೆಂಡತಿಗೂ ಅವನ ಸುಟ್ಟ ಮುಖ ತೋರಿಸಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ, ಗಾಳಿ ತಿರುಗಿತು, ಯಾರ ತಪ್ಪೂ ಇಲ್ಲ ಎಂದು ಮುಗಿಸಿದರು. ನನ್ನ ಗಂಡ ಮುಗಿಸಲಿಲ್ಲ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಕೊನೆಗೆ ತಪ್ಪನ್ನೆಲ್ಲ ಆ ಹಳೆಯ ದುರ್ಬೀನಿನ ಮೇಲೆ ಹಾಕಿದರು. "ಇದು ಹತ್ತಿರ ತೋರಸ್ತೈತೆ ಅಷ್ಟೆ, ದೂರ ಹೇಳಂಗಿಲ್ಲ. ಪಟಾಲಮ್ಮಿನ ಸಿಪಾಯಿಗಳ ದುರ್ಬೀನಿನಾಗೆ ಅಳತೆಗೀಟು ಇರ್ತಾವಂತೆ. ಅಂಥದ್ದು ಒಂದಿದ್ದಿದ್ರೆ ಅವನು ಉಳೀತಿದ್ದ" ಎಂದರು. ಆಮೇಲೆ ಅವರಿಗೆ ಅದೇ ಜಪ. ಇನ್ನೊಂದು ಬೇಸಗೆ ಬರುವುದರೊಳಗೆ ಗೀಟಿರುವ ದುರ್ಬೀನು ಬೇಕು.

ಯುದ್ಧ ಮುಗಿದು ಸಿಪಾಯಿಗಳು ಊರಿಗೆ ಮರಳತೊಡಗಿದ ಮೇಲೆ ಅದನ್ನು ಹುಡುಕಲು ಹೊರಟೆವು. ನಮಗೆ ಮಕ್ಕಳಿರಲಿಲ್ಲ, ಹಾಗಾಗಿ ನಾನೂ ಜೊತೆಗೆ ಹೊರಟೆ. ತವರನ್ನೂ ನೋಡಿದ ಹಾಗಾಗುತ್ತದೆ ಎಂಬ ಆಸೆ. ಇದ್ದಿಲಿನ ಗ್ಯಾಸಿನ ಬಸ್ಸು ಏರಿನಲ್ಲೆಲ್ಲ ನಿಂತು ನಿಂತು ನ್ಯಾಮತಿ ಮುಟ್ಟುವಷ್ಟರಲ್ಲಿ ನಮ್ಮ ಬಟ್ಟೆಯೆಲ್ಲ ಮಸಿ.

ನ್ಯಾಮತಿಯಲ್ಲಿ ಗಡಿಯಾರ, ಕನ್ನಡಕ ಮಾರುವ ಅಂಗಡಿಯೊಂದಿತ್ತು. ನನ್ನ ಅಣ್ಣ ಅಲ್ಲಿಗೆ ಕರೆದುಕೊಂಡು ಹೋದ. ಸಾಹುಕಾರರು ಮಖಮಲ್ಲಿನ ಪೆಟ್ಟಿಗೆಯಿಂದ ಹಿತ್ತಾಳೆಯ ದುರ್ಬೀನು ತೆಗೆದು, "ಚಂದ್ರನ ಮ್ಯಾಲಿನ ಕಲೆ ಕಾಣ್ತಾವ್ರಿ ಇದ್ರಾಗೆ" ಎಂದರು. ನನಗೆ ಅದರ ಹೊಳಪು ಹಿಡಿಸಿತು. ನನ್ನ ಗಂಡ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ ವಾಪಸು ಕೊಟ್ಟರು.

"ಗೀಟಿಲ್ಲ. ಹೊಳಪು ಬ್ಯಾರೆ. ಕಾಡಿನಾಗೆ ಹೊಳೆಯೋ ಸಾಮಾನು ಯಾಕೆ?"

"ಭಾವ, ದುರ್ಬೀನು ತಗಳ್ಳಾಕೆ ಬಂದೀರೋ, ಹೆಣ್ಣು ನೋಡಾಕೆ ಬಂದೀರೋ?" ಎಂದು ಅಣ್ಣ ನಕ್ಕ. ಅವರು ನಗಲಿಲ್ಲ. ಬೆಂಕಿಯ ವಿಷಯ ಅಣ್ಣನಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ಹೊನ್ನಾಳಿಯಲ್ಲಿ ಬರ್ಮಾದ ಕಡೆ ಯುದ್ಧ ಮಾಡಿ ಬಂದ ಹವಾಲ್ದಾರರೊಬ್ಬರು ಪಟಾಲಮ್ಮಿನ ಹರಾಜಿನಲ್ಲಿ ಸಾಮಾನು ಹಿಡಿದು ಮಾರುತ್ತಾರೆಂದು ಆ ಸಾಹುಕಾರರೇ ಹೇಳಿದರು. ಮಾರನೆಯ ಬೆಳಿಗ್ಗೆ ಅಲ್ಲಿಗೆ ಹೋದೆವು. ಮನೆ ಹೊಳೆಯ ದಂಡೆಯಲ್ಲೇ ಇತ್ತು. ಹವಾಲ್ದಾರರು ನಡುವಯಸ್ಸು ದಾಟಿದವರು, ಕಾಲು ಸ್ವಲ್ಪ ಎಳೆಯುತ್ತಿತ್ತು. ಜಗುಲಿಯ ಮೇಲೆ ಕಂಬಳಿ ಹಾಸಿ ಮೂರು ದುರ್ಬೀನು ಇಟ್ಟರು.

"ಮೂರರಾಗೂ ಗೀಟು ಅದಾವೆ ಸಾಹೇಬ್ರೆ. ಆದ್ರೆ ಮೂರೂ ಒಂದೇ ಅಲ್ಲ" ಎಂದು ಒಂದೊಂದನ್ನೇ ಕೈಗೆತ್ತಿಕೊಂಡರು. ದೊಡ್ಡದು ಸಂಜೆಯ ಮಬ್ಬಿನಲ್ಲಿ ಚೆನ್ನಾಗಿ ಕಾಣಿಸುತ್ತದೆ, ಆದರೆ ಗುಡ್ಡ ಹತ್ತುವವರಿಗೆ ಕೊರಳು ಮುರಿಯುತ್ತದೆ. ಎರಡನೆಯದರ ಗಾಜಿನೊಳಗೆ ಬೂಷ್ಟು ಹಿಡಿದಿದೆ, ನಡುವಿನ ಕೀಲೂ ಸಡಿಲ. ಮೂರನೆಯದು ಚಿಕ್ಕದು, ಗಟ್ಟಿ, ಒಳಗೆ ಧೂಳು ನುಗ್ಗುವುದಿಲ್ಲ. ತಾವು ಮಾರುವ ಸಾಮಾನಿನ ಐಬನ್ನು ಅವರೇ ಹೇಳುತ್ತಿದ್ದುದು ನೋಡಿ ನನಗೆ ಅವರ ಮೇಲೆ ನಂಬಿಕೆ ಬಂತು.

"ಗೀಟಿನ ಲೆಕ್ಕ ಕಷ್ಟ ಇಲ್ಲ" ಎಂದು ಅವರು ಮುಂದುವರಿಸಿದರು. "ನಡುವೆ ಅಡ್ಡಗೀಟು, ಉದ್ದಗೀಟು; ಅದ್ರ ಮ್ಯಾಲೆ ಬಾಚಣಿಗೆ ಹಲ್ಲಿನಂಗೆ ಗುರುತು. ಆಳೆತ್ತರದ್ದು ಎಷ್ಟು ಹಲ್ಲಿನಷ್ಟು ಕಾಣ್ತೈತೆ ಅನ್ನೋದು ನೋಡ್ಕಳ್ರಿ. ಒಂದು ಹಲ್ಲಿನಷ್ಟು ಕಂಡ್ರೆ ಇಷ್ಟು ದೂರ, ಎರಡು ಹಲ್ಲಿನಷ್ಟು ಕಂಡ್ರೆ ಅದರ ಅರ್ಧ. ಮರದ ಎತ್ತರ ಗೊತ್ತಿದ್ರೆ ಮರ ಹಿಡೀರಿ. ಒಂದೊಂದು ಕಣ್ಣಿಗೂ ಬ್ಯಾರೆ ಬ್ಯಾರೆ ತಿರುಗಿಸಿ ಹೊಂದಿಸ್ಕಬೇಕು."

ನನ್ನ ಗಂಡ ಚಿಕ್ಕದನ್ನು ಕಣ್ಣಿಗೆ ಹಿಡಿದು ಹೊಳೆಯ ಆಚೆ ದಡ ನೋಡಿದರು. ಬಹಳ ಹೊತ್ತು ನೋಡಿದರು.

"ಬಟ್ಟೆ ಒಗೆಯೋರು ಕಾಣ್ತಾರೆ, ಎಮ್ಮೆ ಕಾಣ್ತಾವೆ. ಗೀಟಿಲ್ಲ."

"ಐತೆ ಸಾಹೇಬ್ರೆ. ಇನ್ನೊಂದೀಟು ತಿರುಗಿಸ್ರಿ."

"ಇಲ್ರಿ. ಇದ್ರಾಗೆ ಅಳಿಸಿ ಹೋಗೈತೆ." ದೊಡ್ಡದನ್ನು ತೆಗೆದುಕೊಂಡರು. ಅದರಲ್ಲೂ ಇಲ್ಲ. ಬೂಷ್ಟು ಹಿಡಿದದ್ದರಲ್ಲೂ ಇಲ್ಲ. ಅವರ ದನಿ ಏರಿತು. "ಗೀಟೈತೆ ಅಂತ ಹೇಳಿ ಮಾರ್ತೀರಲ್ರಿ, ದೂರದಿಂದ ಬಂದೋರಿಗೆ ಹಿಂಗೆ ಮಾಡಬಹುದಾ?"

ಹವಾಲ್ದಾರರು ಸಿಟ್ಟಾಗಲಿಲ್ಲ. ಚಿಕ್ಕ ದುರ್ಬೀನನ್ನು ನನ್ನ ಕಡೆ ಚಾಚಿ, "ತಂಗೆಮ್ಮ, ನೀನು ನೋಡವ್ವಾ" ಎಂದರು. ನಾನು ನೋಡಿದೆ. ಆಚೆ ದಡದಲ್ಲಿ ಒಣಹಾಕಿದ್ದ ಬಿಳಿ ಪಂಚೆಯ ಮೇಲೆ ಕಪ್ಪು ಗೀಟುಗಳು ಸ್ಪಷ್ಟವಾಗಿ ನಿಂತಿದ್ದವು, ಹಲ್ಲುಗಳೆಲ್ಲ ಎಣಿಸುವ ಹಾಗೆ. ನಾನು ದುರ್ಬೀನು ಇಳಿಸಲೇ ಇಲ್ಲ. ನನ್ನ ಗಂಡ, "ಇದಾವಾ?" ಎಂದು ಕೇಳಿದರು. "ಅದಾವ್ರಿ" ಎಂದೆ.

"ಗೀಟು ಬಲಗಡೆ ಗಾಜಿನಾಗೆ ಮಾತ್ರ ಇರ್ತಾವೆ" ಎಂದು ಹವಾಲ್ದಾರರು ಮೆಲ್ಲಗೆ ಹೇಳಿ, ಎದ್ದು ಬಂದು ನನ್ನ ಗಂಡನ ಎಡಗಣ್ಣಿನ ಮೇಲೆ ತಮ್ಮ ಅಂಗೈ ಮುಚ್ಚಿದರು. "ಈಗ ಹೊಳೆ ಕಾಣ್ತೈತಾ?"

ನನ್ನ ಗಂಡ ಹೊಳೆಯ ಕಡೆ ಮುಖ ಮಾಡಿದರು. ತಲೆಯನ್ನು ಆಚೆ ಈಚೆ ತಿರುಗಿಸಿದರು. ಕೈ ಮುಂದೆ ಚಾಚಿದರು. "ಮಂಜು" ಎಂದರು. "ಮಂಜು ಮುಸುಕೈತೆ." ಆಗ ಹೊಳೆಯ ಮೇಲೆಲ್ಲ ನಿಚ್ಚಳ ಬಿಸಿಲಿತ್ತು.

ಹವಾಲ್ದಾರರು ದುರ್ಬೀನನ್ನು ಮೇಲುಕೆಳಗು ಮಾಡಿ ಅವರ ಕಣ್ಣಿಗೆ ಹಿಡಿದರು. ಹಾಗೆ ಹಿಡಿದರೆ ಬಲಗಡೆಯ ಗಾಜು ಎಡಗಣ್ಣಿಗೆ ಬರುತ್ತದೆ. "ಕಂಡ್ವು! ಕಂಡ್ವು ನೋಡು!" ಎಂದು ನನ್ನ ಗಂಡ ಮಗುವಿನ ಹಾಗೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಆ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಅದು ಹೋದದ್ದನ್ನು ನಾನು ಎದುರಿಗೇ ನಿಂತು ನೋಡಿದೆ. ಅವರು ಜಗುಲಿಯ ಅಂಚಿಗೆ ಕೂತು, ಎಡಗಣ್ಣನ್ನು ತಾವೇ ಮುಚ್ಚುವುದು, ಬಿಡುವುದು, ಮತ್ತೆ ಮುಚ್ಚುವುದು ಮಾಡಿದರು. ಹವಾಲ್ದಾರರು ಒಳಗೆ ಹೋಗಿ ನೀರು ತಂದು ನನ್ನ ಕೈಗೆ ಕೊಟ್ಟರು.

ಆ ಚಿಕ್ಕ ದುರ್ಬೀನನ್ನೇ ಕೊಂಡರು.

ಬಸ್ಸಿನಲ್ಲಿ ಚನ್ನಗಿರಿ ಹತ್ತಿರವಾಗುವ ತನಕ ಅವರು ದುರ್ಬೀನನ್ನು ಮಡಿಲಲ್ಲಿಟ್ಟು ಸವರುತ್ತಿದ್ದರು. ಆಮೇಲೆ, "ಕಣ್ಣು ಆವತ್ತೇ ಹೋಗಿತ್ತು" ಎಂದರು.

"ಹಂಗೆಂಗೆ ಹೇಳ್ತೀರಿ? ಗಾಳಿ ತಿರುಗಿತ್ತಲ್ರಿ."

"ಹೊಗೆ ನನಗೆ ಮಸಕಾಗಿ ಕಂಡಿತ್ತು. ಮಸಕಾಗಿ ಕಂಡಿದ್ಕೆ ದೂರ ಐತೆ ಅಂದ್ಕಂಡೆ."

ದೊಡ್ಡ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಒಳಗಿನ ನರ ಸಾಯುವ ರೋಗ, ನೋವಿಲ್ಲದೆ ನಿಧಾನವಾಗಿ ಬರುತ್ತದೆ, ಹೋದದ್ದು ಬರುವುದಿಲ್ಲ, ಎಡಗಣ್ಣಿಗೂ ಹಿಡಿದಿದೆ ಎಂದರು. ನಾನು ಹೊರಗೆ ಬಂದು ಅತ್ತೆ. ನನ್ನ ಗಂಡ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: ಹಿಂದಿನ ಬೇಸಗೆಯಲ್ಲಿ ಬಲಗಣ್ಣು ಎಷ್ಟು ಮಟ್ಟಿಗೆ ಕಾಣುತ್ತಿದ್ದಿರಬಹುದು? ಡಾಕ್ಟರು, ಅದನ್ನು ಯಾರೂ ಹೇಳಲಾರರು ಎಂದರು. ಹೇಳಿದ್ದರೆ ಒಳ್ಳೆಯದಿತ್ತೋ ಏನೋ.

ಮೇಲಿನ ಅಧಿಕಾರಿಗೆ ಅವರೇ ಹೋಗಿ ಹೇಳಿಕೊಂಡರು. ಆ ಪುಣ್ಯಾತ್ಮರು ಕೆಲಸದಿಂದ ತೆಗೆಯದೆ, ಕಾಡು ಕಡಿಮೆಯಿರುವ ಜಗಳೂರಿಗೆ ವರ್ಗ ಮಾಡಿದರು. ಹೊರಡುವ ಮುಂಚೆ ನನ್ನ ಗಂಡ ಉಬ್ರಾಣಿಗೆ ಹೋಗಲೇಬೇಕೆಂದು ಹಟ ಹಿಡಿದರು. ಒಬ್ಬರನ್ನೇ ಕಳಿಸಲು ಧೈರ್ಯವಾಗದೆ ನಾನೂ ಹೋದೆ.

ಸತ್ತ ಗಾರ್ಡಿನ ಹೆಂಡತಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಇನ್ನೂ ಚಿಕ್ಕ ವಯಸ್ಸು. ನಮ್ಮನ್ನು ಕಂಡು ಎದ್ದು ಕಂಬಳಿ ಹಾಸಿದಳು. ನನ್ನ ಗಂಡ ಕೂರಲಿಲ್ಲ.

"ನಿನ್ನ ಗಂಡನ್ನ ಕಣಿವೆಗೆ ಕಳಿಸಿದ್ದು ನಾನವ್ವ. ನನಗೆ ಆಗ್ಲೇ ಒಂದು ಕಣ್ಣು ಹೋಗಿತ್ತು. ಗೊತ್ತಿರಲಿಲ್ಲ. ಬೆಂಕಿ ಹತ್ರ ಇದ್ದಿದ್ದು ದೂರ ಐತೆ ಅಂದೆ."

ಅವಳು ಮೊರವನ್ನು ಕೆಳಗಿಟ್ಟಳು.

"ಯಾಕೆ ಹೇಳಾಕೆ ಬಂದ್ರಿ?" ಎಂದಳು. "ಇಷ್ಟು ದಿನ ಬೆಂಕಿ ಮ್ಯಾಲೆ ಸಿಟ್ಟು ಇಟ್ಕಂಡಿದ್ದೆ. ಬೆಂಕೀನ ಬೈದು ಮಲಗ್ತಿದ್ದೆ. ಇನ್ಮ್ಯಾಲೆ ನಿಮ್ಮ ಮ್ಯಾಲೆ ಇಟ್ಕಬೇಕೇನ್ರಿ? ನಮ್ಮೋರು ನಿಮ್ಮನ್ನ ದೇವರಂಗೆ ಕಾಣ್ತಿದ್ರು."

ನನ್ನ ಗಂಡ ಕೈಮುಗಿದುಕೊಂಡೇ ನಿಂತಿದ್ದರು. ಅವಳು ಬೈದಿದ್ದರೆ, ಮಣ್ಣು ತೂರಿದ್ದರೆ ಅವರಿಗೆ ಹಗುರವಾಗುತ್ತಿತ್ತು ಎಂದು ಈಗಲೂ ಅನಿಸುತ್ತದೆ. ಅವಳು ಕೊನೆಗೆ ನನಗೆ, "ಅಕ್ಕಾರೆ, ಕರ್ಕಂಡು ಹೋಗ್ರಿ ಇವ್ರನ್ನ" ಎಂದಳು. ಬೇಲಿ ದಾಟುವಾಗ ಹಿಂದಿನಿಂದ ಅವಳು ಅಳುವ ಸದ್ದು ಕೇಳಿತು. ನನ್ನ ಗಂಡ ನಿಂತರು. ನಾನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಜಗಳೂರಿನಲ್ಲಿ ಕಣ್ಣು ಹಾಯುವ ತನಕ ಬಯಲು, ಅಲ್ಲಲ್ಲಿ ಜಾಲಿ, ಕುರಿಯ ಹಿಂಡು. ಒಂದಷ್ಟು ದಿನ ಅವರು ಎಡಗಣ್ಣಿನಲ್ಲೇ ಕೆಲಸ ನಡೆಸಿದರು. ದುರ್ಬೀನನ್ನು ಮೇಲುಕೆಳಗಾಗಿ ಹಿಡಿಯುವುದನ್ನು ಕಂಡು ಹೊಸ ಗಾರ್ಡು, "ಸಾಹೇಬ್ರೆ, ತಲೆಕೆಳಗೆ ಹಿಡ್ಕಂಡೀರಲ್ಲ" ಎಂದರೆ, "ನನ್ನ ಹಣೆಬರಾನೇ ಹಂಗೈತಪ್ಪ" ಎನ್ನುವರು. ಒಂದು ಹೊಗೆಯನ್ನು ಮತ್ತೆ ಮತ್ತೆ ಅಳೆದರೂ ತೃಪ್ತಿಯಿಲ್ಲ. ಆಮೇಲೆ ಗೀಟುಗಳು ಎಡಗಣ್ಣಿಗೂ ಕರಗತೊಡಗಿದವು. ಆಗ ನಾನು ನೋಡಿ ಹಲ್ಲು ಎಣಿಸಿ ಹೇಳುತ್ತಿದ್ದೆ, ಅವರು ಲೆಕ್ಕ ಹಾಕುತ್ತಿದ್ದರು. ಅದೂ ಎಷ್ಟು ದಿನ? ಕೊನೆಗೆ ಕೆಲಸ ಬಿಟ್ಟರು. ಜಗಳೂರಿನಲ್ಲೇ ಒಂದು ಬಾಡಿಗೆ ಮನೆಯಲ್ಲಿ ಉಳಿದೆವು.

ಎರಡೂ ಕಣ್ಣು ಪೂರ್ತಿ ಕತ್ತಲಾದ ಮೇಲೆ ಅವರ ಮೂಗು ಚುರುಕಾಯಿತು. ಪಕ್ಕದ ಮನೆಯವರು ಒಲೆ ಹಚ್ಚಿದರೆ ಸಾಕು, ಗಡಬಡಿಸಿ ಎದ್ದು, "ಎಲ್ಲೈತೆ? ಎಷ್ಟು ದೂರ?" ಎಂದು ಗೋಡೆ ತಡವುವರು. "ಒಲೆ ಕಣ್ರಿ, ರೊಟ್ಟಿ ಸುಡ್ತಾ ಅದಾರೆ" ಎಂದು ಎಷ್ಟು ಹೇಳಿದರೂ ಬಾಗಿಲು ಹುಡುಕುವುದು ನಿಲ್ಲುತ್ತಿರಲಿಲ್ಲ. ನಾನು ಹಿತ್ತಲ ಮೂಲೆಗೆ ಒಲೆ ಹೂಡಿ, ಗಾಳಿ ಆ ಕಡೆ ಬೀಸುವಾಗ ನೋಡಿಕೊಂಡು ಅಡಿಗೆ ಮಾಡತೊಡಗಿದೆ. ಆದರೆ ಮಾಡಿದ್ದನ್ನು ಉಣ್ಣುವವರು ಯಾರು? ಅವರು ಅನ್ನ ಬಿಟ್ಟದ್ದು ಒಂದೇ ದಿನದಲ್ಲಿ ಅಲ್ಲ. ಇವತ್ತು ಅರ್ಧ, ನಾಳೆ ಅದರಲ್ಲೂ ಅರ್ಧ. "ಹಸಿವಿಲ್ಲ ಕಣೆ" ಎನ್ನುವರು, ಅಷ್ಟೇ. ಮಳೆಗಾಲ ಮುಗಿಯುವಾಗ ಒಂದು ಜ್ವರ ಬಂತು. ಅದಕ್ಕೆ ಎದುರು ನಿಲ್ಲುವ ಕಸುವು ಮೈಯಲ್ಲಿ ಉಳಿದಿರಲಿಲ್ಲ. ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ, ಜಾಲಿಮರದ ಕೆಳಗೆ ಮಾಡಿದರು.

ದುರ್ಬೀನನ್ನು ಹೊಸ ಫಾರೆಸ್ಟರಿಗೆ ಕೊಟ್ಟೆ. ಅಣ್ಣ ಬಂದು ನನ್ನನ್ನು ನ್ಯಾಮತಿಗೆ ಕರೆದುಕೊಂಡು ಹೋದ. ತವರಿನ ಹೆಂಗಸರೆಲ್ಲ ಬಂದು, "ಕಣ್ಣಿಲ್ಲದೋರು ಎಷ್ಟು ಕಷ್ಟ ಪಟ್ರೋ ಏನೋ, ಮುಕ್ತಿ ಸಿಕ್ತು ಬಿಡು" ಎಂದು ನನ್ನ ಬೆನ್ನು ಸವರಿದರು. ಕಣ್ಣು ಹೋದದ್ದಕ್ಕೆ ಅವರು ಸಾಯಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಹೂಂ ಎಂದು ತಲೆಯಾಡಿಸುತ್ತ ಕೂತೆ.