ಮೂರನೇ ತಿರುವಿನಲ್ಲಿ ಬೋಗಿ ಬೀಳುತ್ತಿದ್ದುದೇಕೆ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ರೈಲು ವಸ್ತುಸಂಗ್ರಹಾಲಯದ ಹಿಂಬಾಗಿಲು ತೆರೆದು ಒಳಗೆ ಬಂದವರು ದೀಪ ಹಾಕುವುದಿಲ್ಲ. ಮೇಲಿನ ಗಾಜಿನ ಕಿಂಡಿಗಳಿಂದ ಇಳಿಯುವ ಬೂದು ಬೆಳಕೇ ಅವರಿಗೆ ಸಾಕು. ಚಪ್ಪಲಿಯನ್ನು ಮೂಲೆಗೆ ಸರಿಸಿ, ಏಪ್ರನ್ನಿನ ದಾರವನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ಮಾದರಿ ರೈಲಿನ ದೊಡ್ಡ ಮೇಜಿನ ಕೆಳಗೆ ಮೊಣಕಾಲೂರಿ ತೆವಳುತ್ತಾರೆ. ತುಸು ಹೊತ್ತಿನಲ್ಲಿ ಮೇಜಿನ ನಟ್ಟನಡುವೆ, ಗಾರೆಯ ಎರಡು ಬೆಟ್ಟಗಳ ಸಂದಿಯಲ್ಲಿ, ಅವರ ಅರೆನರೆತ ತಲೆ ಮೇಲೇಳುತ್ತದೆ.

ಅಲ್ಲಿಂದ ಮೂರನೇ ತಿರುವು ಕೈಗೆಟುಕುತ್ತದೆ. ಸಣ್ಣ ಕುಂಚದಿಂದ ಹಳಿಯ ಧೂಳು ತೆಗೆದು, ಗೇಣಿಗಿಂತ ಚೂರು ಉದ್ದದ ಬೋಗಿಯೊಂದನ್ನು ಎರಡೇ ಬೆರಳಲ್ಲಿ ಮೆಲ್ಲಗೆ ತಳ್ಳುತ್ತಾರೆ. ಕಣ್ಣು ಬೇರೆಲ್ಲೋ ಇದೆ, ಕಿವಿ ಮಾತ್ರ ಹಳಿಗೆ ಅಂಟಿಕೊಂಡಿದೆ. "ಸರ್ರಂತ ಹೋದ್ರೆ ಸರಿ. ಟಿಕ್ ಅಂದ್ರೆ ಎಲ್ಲೋ ಏನೋ ತಾಗ್ತಿದೆ ಅಂತ," ಎನ್ನುತ್ತಾರೆ. "ಯಾವ ಬೋಗೀನೂ ಸುಮ್ಸುಮ್ನೆ ಬೀಳಲ್ಲ. ಹೇಳೇ ಬೀಳುತ್ತೆ. ಕೇಳಿಸ್ಕೊಳ್ಳೋರು ಬೇಕು."

ದಾಖಲೆಯ ಪ್ರಕಾರ ಇದು ಅವರ ಕೆಲಸವೇ ಅಲ್ಲ. ಐವತ್ತಮೂರರ ಈ ಹೆಂಗಸು ಗುತ್ತಿಗೆದಾರನ ಮೂಲಕ ಬಂದ ಕಸ ಗುಡಿಸುವವರು. ಒಂಬತ್ತು ವರ್ಷಗಳಿಂದ ನಾಲ್ಕು ಸಭಾಂಗಣ, ನಲವತ್ತಮೂರು ಗಾಜಿನ ಪೆಟ್ಟಿಗೆ, ಎರಡು ಶೌಚಾಲಯ, ನೂರ ಹನ್ನೆರಡು ಮೆಟ್ಟಿಲು ಅವರ ಪಾಲಿಗೆ. ಹತ್ತು ಗಂಟೆಗೆ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲವೂ ಮಿರಮಿರ ಮಿಂಚಬೇಕು. ಸಹೋದ್ಯೋಗಿಗಳಿಗೆ ಅವರು ಸೂಜಿಯಕ್ಕ. ಏಪ್ರನ್ನಿನ ಅಂಚಿಗೆ ಯಾವಾಗಲೂ ಒಂದು ಸೂಜಿ ಚುಚ್ಚಿಕೊಂಡಿರುತ್ತಾರೆ, ಅದು ಹಳೆಯ ಕಸುಬಿನ ಚಾಳಿ.

ಹಳೆಯ ಕಸುಬೆಂದರೆ ಹೊಲಿಗೆ ಯಂತ್ರದ ರಿಪೇರಿ. ಅಣ್ಣನ ಅಂಗಡಿಯಲ್ಲಿ ಹದಿನೇಳು ವರ್ಷ ಯಂತ್ರ ಬಿಚ್ಚಿ ಜೋಡಿಸಿದ ಕೈ ಅವರದು. ಬಟ್ಟೆ ಯಾಕೆ ನೆರಿಗೆ ಹಿಡಿಯುತ್ತದೆ, ನೂಲು ಯಾಕೆ ಕಡಿಯುತ್ತದೆ ಎಂಬುದನ್ನು ಸದ್ದು ಕೇಳಿಯೇ ಹೇಳುತ್ತಿದ್ದರು. ಸಿದ್ಧ ಉಡುಪಿನ ಕಾಲ ಬಂದು ಅಂಗಡಿಗೆ ಬೀಗ ಬಿತ್ತು. ಬೇರೆ ಅಂಗಡಿಗಳಲ್ಲಿ ಕೆಲಸ ಕೇಳಿದರೆ ಎಲ್ಲರೂ ನಕ್ಕರು. "ಹೆಂಗಸರು ಯಂತ್ರದ ಮುಂದೆ ಕೂತ್ಕೋಬೇಕಂತೆ, ಒಳಗೆ ಕೈ ಹಾಕ್ಬಾರ್ದಂತೆ. ಪೊರಕೆ ಕೇಳಿದಾಗ ಮಾತ್ರ ಯಾರೂ ಇಲ್ಲ ಅನ್ಲಿಲ್ಲ ನೋಡಿ," ಎನ್ನುವಾಗ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಅದನ್ನು ನಗು ಎನ್ನಲಾಗದು.

ಗಂಡ ಸರಕು ಲಾರಿಯ ಚಾಲಕ, ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಮನೆಯಲ್ಲಿ ಇರುವುದು ಸೂಜಿಯಕ್ಕ ಮತ್ತು ಎಂಬತ್ತು ದಾಟಿದರೂ ನಾಲಿಗೆ ಮೊಂಡಾಗದ ಅತ್ತೆ. "ನನ್ನ ಮಗ ನಿಜವಾದ ಲಾರಿ ಓಡಿಸ್ತಾನೆ, ಸೊಸೆ ಸುಳ್ಳು ರೈಲು ಎತ್ತಿ ನಿಲ್ಲಿಸ್ತಾಳೆ. ಇಬ್ಬರಿಗೂ ನಡು ನೋವು ಮಾತ್ರ ನಿಜ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ಈ ಸುಳ್ಳು ರೈಲನ್ನು ಇಪ್ಪತ್ತೆರಡು ವರ್ಷ ಸಾಕಿದವರು ಇಲ್ಲಿನ ಮೇಸ್ತ್ರಿ. ತೊಂಬತ್ತಾರು ಮೀಟರು ಹಳಿ, ಎಂಟು ಬೋಗಿ, ದಿನಕ್ಕೆ ಹನ್ನೊಂದು ಸಲ ಓಟ. ಬೆಟ್ಟ, ಸುರಂಗ, ಬೆರಳುದ್ದದ ನಿಲ್ದಾಣ, ಅದರ ಬೆಂಚಿನ ಮೇಲೆ ತೂಕಡಿಸುವ ಪ್ರಯಾಣಿಕ, ಎಲ್ಲವೂ ಅವರ ಕೈಯಲ್ಲೇ ಹುಟ್ಟಿದವು. ಸಂಗ್ರಹಾಲಯದಲ್ಲಿ ಸೂಜಿಯಕ್ಕನನ್ನು ಕಸುಬುದಾರಳೆಂದು ಕಂಡ ಒಬ್ಬರೇ ಒಬ್ಬರು ಅವರು. ಮಧ್ಯಾಹ್ನದ ಚಹಾದ ಹೊತ್ತಿಗೆ ಕರೆದು ಕೂರಿಸಿ ಚಕ್ರ, ಅಚ್ಚು, ಕೊಂಡಿಗಳನ್ನು ತೋರಿಸುತ್ತಿದ್ದರು. ಅರವತ್ತು ಸಮೀಪಿಸುವಾಗ ಅವರ ಕೈ ಸಣ್ಣಗೆ ನಡುಗತೊಡಗಿತು. ಕೆಲಸಕ್ಕೆ ಕೂತರೆ ನಡುಕ ನಿಲ್ಲುತ್ತಿತ್ತು. ಚಹಾದ ಲೋಟ ಹಿಡಿದಾಗ ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಎರಡು ವರ್ಷದ ಹಿಂದೆ ಹೊಸ ಮೇಲಧಿಕಾರಿ ಬಂದರು. ಸಂಸ್ಥೆಯ ಐವತ್ತನೇ ವರ್ಷಕ್ಕೆ ಬೋಗಿಗಳು ಕಳೆಕಳೆಯಾಗಿ ಕಾಣಲೆಂದು ಅವುಗಳಿಗೆ ಹೊಸ ಬಣ್ಣ ಕೊಡಿಸಿದರು, ಬಾಗಿಲುಗಳ ಕೆಳಗೆ ಪುಟ್ಟ ಹಿತ್ತಾಳೆ ಮೆಟ್ಟಿಲು ಅಂಟಿಸಿದರು. ಬೋಗಿಗೆ ನಾಲ್ಕರಂತೆ ಮೂವತ್ತೆರಡು ಮೆಟ್ಟಿಲು. ಹೆಂಡತಿಯ ಶಸ್ತ್ರಚಿಕಿತ್ಸೆಗೆಂದು ಮೇಸ್ತ್ರಿ ರಜೆಯಲ್ಲಿದ್ದಾಗ ಹೊರಗಿನವರು ಬಂದು ಈ ಅಲಂಕಾರ ಮುಗಿಸಿ ಹೋದರು. ಅದಾದ ವಾರದಲ್ಲೇ ಮೂರನೇ ತಿರುವಿನಲ್ಲಿ ಬೋಗಿಗಳು ಹಳಿ ತಪ್ಪಲು ಶುರುವಾಯಿತು.

ಆ ಮೇಜಿನ ಮೇಲೆ ಇರುವ ತಿರುವುಗಳಲ್ಲೆಲ್ಲ ಅದೇ ಇಕ್ಕಟ್ಟಿನದು. ಮೇಸ್ತ್ರಿ ನಾಲ್ಕು ತಿಂಗಳು ಅದರ ಬೆನ್ನು ಹತ್ತಿದರು. ಬಿದ್ದ ಬೋಗಿಯನ್ನು ರಿಪೇರಿ ಮೇಜಿಗೆ ತಂದು, ಚಕ್ರಗಳ ನಡುವಿನ ಅಂತರ ಅಳೆದು, ತಿರುಪು ಸಡಿಲಿಸಿ, ತೂಕ ಸೇರಿಸಿ ಮತ್ತೆ ಹಳಿಗೆ ಇಡುತ್ತಿದ್ದರು. ಒಂದು ದಿನ ಸರಿಯಾಗಿ ಓಡಿದರೆ ಮರುದಿನ ಮತ್ತೆ ಬೀಳುತ್ತಿತ್ತು. "ರಿಪೇರಿ ಮೇಜಿನ ಮೇಲೆ ಯಾವ ಬೋಗೀನೂ ತಪ್ಪು ಮಾಡಲ್ಲ," ಎನ್ನುತ್ತಾರೆ ಸೂಜಿಯಕ್ಕ. "ಅಲ್ಲಿ ನೆಟ್ಟಗೆ ನಿಂತಿರುತ್ತಲ್ಲ. ಅದರ ಬಣ್ಣ ಬಯಲಾಗೋದು ತಿರುಗೋವಾಗ."

ವಾರ್ಷಿಕೋತ್ಸವದ ದಿನ ಅತಿಥಿಗಳೆದುರು ಎಂಟರಲ್ಲಿ ಮೂರು ಬೋಗಿ ಉರುಳಿದವು. ಒಂದು ಸೀದಾ ನೆಲಕ್ಕೆ ಬಿದ್ದು ಅದರ ಚಾವಣಿ ಬಿಚ್ಚಿಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಲಧಿಕಾರಿ ಎಲ್ಲರಿಗೂ ಕೇಳುವಂತೆ, "ಕೈ ನಡುಗೋರಿಗೆ ಇದು ಕೆಲಸ ಅಲ್ಲ, ಮನೇಲಿ ವಿಶ್ರಾಂತಿ ತಗೊಳ್ಳಿ," ಎಂದರು. ಮೂರು ದಿನಕ್ಕೆ ಪತ್ರ ಬಂತು: ಕೈನಡುಕದಿಂದಾಗಿ ಚಕ್ರಗಳ ಅಳತೆ ತಪ್ಪಿದ್ದೇ ಅವಘಡಕ್ಕೆ ಕಾರಣ, ಇನ್ನು ಕೆಲಸಕ್ಕೆ ಬರಬೇಕಿಲ್ಲ. ಮೇಸ್ತ್ರಿ ವಾದಿಸಲಿಲ್ಲ. ತಮ್ಮ ಸಲಕರಣೆಗಳನ್ನೂ ಒಯ್ಯಲಿಲ್ಲ. ಬಾಗಿಲಿನ ತನಕ ಹೋದ ಸೂಜಿಯಕ್ಕನಿಗೆ ಅವರು ಹೇಳಿದ್ದು ಒಂದೇ ಮಾತು. "ಇರ್ಬೋದಮ್ಮ, ನನ್ನ ಕೈಯೇ ಇರ್ಬೋದು."

ಆ ಮಾತು ಸೂಜಿಯಕ್ಕನಿಗೆ ಮುಳ್ಳಿನಂತೆ ಚುಚ್ಚಿತು. ಮರುದಿನದಿಂದ ಒಂದು ಗಂಟೆ ಮುಂಚೆಯೇ ಬರತೊಡಗಿದರು. ಮೊದಲು ಮಾಡಿದ ಕೆಲಸ ಬಹಳ ಸರಳ. ಬೋಗಿ ಬಿದ್ದ ಜಾಗಕ್ಕೆಲ್ಲ ಬಿಳಿ ನೂಲಿನ ತುಣುಕು, ಬಿದ್ದ ಬೋಗಿಗೆಲ್ಲ ಕೆಂಪು ನೂಲಿನ ತುಣುಕು ಕಟ್ಟಿದರು. "ಒಂದೇ ಬೋಗಿ ಎಲ್ಲಾ ಕಡೆ ಬಿದ್ರೆ ತಪ್ಪು ಬೋಗೀದು. ಎಲ್ಲಾ ಬೋಗಿ ಒಂದೇ ಕಡೆ ಬಿದ್ರೆ ತಪ್ಪು ಹಳೀದು. ಇಲ್ಲಿ ಎರಡೂ ಅಲ್ಲ! ಎಂಟರಲ್ಲಿ ಐದೇ ಬೀಳೋದು, ಅದೂ ಒಂದೇ ತಿರುವಲ್ಲಿ. ಅಂದ್ರೆ ಆ ಐದಕ್ಕೂ ಆ ತಿರುವಿಗೂ ಏನೋ ಆಗಿಬರ್ತಿಲ್ಲ ಅಂತಾಯ್ತು."

ಹಳಿಯ ಜೋಡಣೆಯ ಮೇಲೆ ಬೆರಳಾಡಿಸಿದರು, ಎಲ್ಲೂ ಕೊರೆಯಲಿಲ್ಲ. ವೇಗದ ಮೇಲೆ ಅನುಮಾನ ಬಂತು. ಇರುವೆ ಹೋದ ಹಾಗೆ ನಿಧಾನ ತಳ್ಳಿದರೂ ಬೋಗಿ ಬಿತ್ತು. ಎಳೆತ ಹೆಚ್ಚಾದರೆ ಹೊಲಿಗೆ ಒಳಕ್ಕೆ ಸುಕ್ಕುಗಟ್ಟುವಂತೆ, ಉದ್ದದ ರೈಲೂ ತಿರುವಿನಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಅದಿರಬಹುದೆಂದು ಕೊಂಡಿ ಕಳಚಿ ಒಂಟಿ ಬೋಗಿ ಬಿಟ್ಟರು. ಅದೂ ಬಿತ್ತು. ಆದರೆ ಬೀಳುವ ಮುನ್ನ ಟಿಕ್ ಎಂದಿತು.

ಹಾಗೆ ಮೂರು ವಾರ ಕಳೆದ ಮೇಲೆ ಒಂದು ಮುಂಜಾನೆ ದರ್ಜಿಗಳ ನೀಲಿ ಸೀಮೆಸುಣ್ಣವನ್ನು ಪುಡಿ ಮಾಡಿ ತಂದರು. ಹಿತ್ತಾಳೆ ಮೆಟ್ಟಿಲುಗಳ ಒಳಮೈಗೆ ಅದನ್ನು ಸವರಿ, ಬೋಗಿಯನ್ನು ಮೂರನೇ ತಿರುವಿಗೆ ತಳ್ಳಿ, ಎತ್ತಿ ತಿರುಗಿಸಿ ನೋಡಿದರು. ಚಕ್ರದ ಅಂಚು ನೀಲಿಯಾಗಿತ್ತು.

ವಿಷಯ ಇಷ್ಟೇ. ಬೋಗಿಯ ಅಡಿಯಲ್ಲಿ ಮುಂದೊಂದು ಹಿಂದೊಂದು ಚಕ್ರದ ಚೌಕಟ್ಟು ಇರುತ್ತದೆ. ತಿರುವು ಬಂದಾಗ ಅದು ಬೋಗಿಯ ಕೆಳಗೆ ಹೊರಳಬೇಕು. ತಿರುವು ಇಕ್ಕಟ್ಟಾದಷ್ಟೂ ಹೆಚ್ಚು ಹೊರಳಬೇಕು. ಹೊಸ ಮೆಟ್ಟಿಲು ಅದಕ್ಕೆ ಅಡ್ಡ ಬರುತ್ತಿತ್ತು. ಹೊರಳಲಾರದ ಚಕ್ರ ಹಳಿಯ ಮೇಲೇರಿ ಆಚೆ ಇಳಿಯುತ್ತಿತ್ತು. ಕೈಯಿಂದ ಅಂಟಿಸಿದ್ದರಿಂದ ಐದು ಬೋಗಿಗಳ ಮೆಟ್ಟಿಲು ಕೂದಲೆಳೆಯಷ್ಟು ಒಳಗೆ ಕೂತಿದ್ದವು. ತಾಗುವ ಕಡೆ ಬೆಟ್ಟದ ಮಗ್ಗುಲಿಗೆ ಇದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಅಂದೇ ಹೋಗಿ ಮೇಲಧಿಕಾರಿಗೆ ಹೇಳಿದರು. "ಸರ್, ಮೆಟ್ಟಿಲು ಚಕ್ರಕ್ಕೆ ತಾಗ್ತಿದೆ, ಅದಕ್ಕೇ ಬೀಳ್ತಿರೋದು ಅಂದೆ. ಅವರು ಕಾಗದದಿಂದ ತಲೇನೂ ಎತ್ಲಿಲ್ಲ. 'ನೀವು ಕಸದ ಬುಟ್ಟಿ ನೋಡ್ಕೊಳ್ಳಿ. ಆ ಮೇಜಿಗೆ ಕೈ ಹಾಕಿದ್ದು ಇನ್ನೊಂದ್ಸಲ ಗೊತ್ತಾದ್ರೆ ಕೆಲಸ ಇರಲ್ಲ' ಅಂದ್ರು."

ಅಷ್ಟರಲ್ಲಿ ಮಾದರಿಯನ್ನೇ ಕಿತ್ತುಹಾಕಿ ಅಲ್ಲಿ ದೊಡ್ಡ ಪರದೆ ಕೂರಿಸುವ ಮಾತು ಎದ್ದಿತ್ತು. ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ. "ಮೇಸ್ತ್ರೀನಂತೂ ಕಳಿಸಾಯ್ತು. ಅವರ ಬೆಟ್ಟ ಒಡೆದ ಮೇಲೆ ಆ ಚೂರು ಗುಡಿಸೋದು ಯಾರು? ನಾನೇ ತಾನೆ?" ಮೇಸ್ತ್ರಿ ಬಿಟ್ಟುಹೋದ ಸಲಕರಣೆಗಳಿಂದ ತೆಳುವಾದ ಅರವೊಂದನ್ನು ಹುಡುಕಿ, ಒಂಬತ್ತು ಮುಂಜಾನೆ ಕೂತು ಮೂವತ್ತೆರಡು ಮೆಟ್ಟಿಲುಗಳ ಒಳ ಅಂಚನ್ನೂ ಉಜ್ಜಿ ತೆಳ್ಳಗೆ ಮಾಡಿದರು. ಹೊರಗಿನಿಂದ ನೋಡಿದರೆ ಹೊಳಪು ಹಾಗೇ ಇದೆ. ಹಿತ್ತಾಳೆಯ ಪುಡಿಯನ್ನು ಅವರೇ ಗುಡಿಸಿದರು. ಅದಾಗಿ ಹದಿನಾಲ್ಕು ತಿಂಗಳು. ಒಂದೇ ಒಂದು ಬೋಗಿ ಬಿದ್ದಿಲ್ಲ.

ಮೇಲಧಿಕಾರಿ ಅದೇ ವಾರ ರೈಲಿನ ವೇಗ ತಗ್ಗಿಸಲು ಆದೇಶಿಸಿದ್ದರು. ಆದ್ದರಿಂದ ಹೆಸರು ಅವರಿಗೆ ಹೋಯಿತು. ಸಭಾಂಗಣದ ಗೋಡೆಯ ಮೇಲೀಗ ಚೌಕಟ್ಟು ಹಾಕಿದ ಪ್ರಶಂಸಾ ಪತ್ರವಿದೆ: ಸುರಕ್ಷಿತ ಚಾಲನೆಯ ಹೊಸ ಪದ್ಧತಿಗಾಗಿ. ಮೇಸ್ತ್ರಿಯ ಜಾಗಕ್ಕೆ ಯಾರೂ ಬಂದಿಲ್ಲ, ಟಿಕೆಟ್ ಕೊಡುವವರೇ ಗುಂಡಿ ಒತ್ತಿ ರೈಲು ಬಿಡುತ್ತಾರೆ. ಪ್ರಶಂಸಾ ಪತ್ರದ ಗಾಜು ಒರೆಸುವುದು ಸೂಜಿಯಕ್ಕನ ದಿನದ ಕೆಲಸಗಳಲ್ಲಿ ಒಂದು. "ಉಗುಳು ಹಾಕಿ ಒರೆಸ್ಬೇಕು ಅನ್ಸುತ್ತೆ. ಆಮೇಲೆ ಕಲೆ ಆದ್ರೆ ಮತ್ತೆ ನಾನೇ ಒರೆಸ್ಬೇಕಲ್ಲ ಅಂತ ಸುಮ್ನಾಗ್ತೀನಿ."

ಅರ ಹಾಕಿ ಮುಗಿಸಿದ ಭಾನುವಾರವೇ ಮೇಸ್ತ್ರಿಯ ಮನೆಗೆ ಹೋಗಿದ್ದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಬಾಗಿಲು ತೆರೆದವರು ಮೇಸ್ತ್ರಿಯ ಹೆಂಡತಿ. ಒಳಗೆ ಮೇಸ್ತ್ರಿ ಕಿಟಕಿಯ ಪಕ್ಕ, ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದರು. ಗೋಡೆ ಗಡಿಯಾರ ನಿಂತಿತ್ತು. ಅದನ್ನು ಅಂಗಡಿಗೆ ಕೊಡಬೇಕೆಂದು ಹೆಂಡತಿ ಅಂದರು. ಮೇಸ್ತ್ರಿ ಈಗ ತಿರುಪುಳಿಯನ್ನೇ ಮುಟ್ಟುವುದಿಲ್ಲವಂತೆ.

ಸೂಜಿಯಕ್ಕ ನೀಲಿ ಪುಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಮೇಸ್ತ್ರಿ ಕೊನೆಯ ತನಕ ಕೇಳಿದರು. ಆಮೇಲೆ, "ನನ್ನ ಸಮಾಧಾನಕ್ಕೆ ಅಂತ ಇಷ್ಟೆಲ್ಲಾ ಕಥೆ ಕಟ್ಟಿದ್ದೀಯಲ್ಲಮ್ಮ," ಎಂದರು.

"ಕಥೆ ಅಲ್ಲ ಮೇಸ್ತ್ರಿ, ನಿಮ್ಮಾಣೆ. ಬನ್ನಿ, ತೋರಿಸ್ತೀನಿ."

"ಅಲ್ಲಿಗೆ ನಾನು ಕಾಲಿಡಲ್ಲ. ಅವರು ಬರವಣಿಗೇಲಿ ಕೊಟ್ಟಿದ್ದಾರೆ, ನನ್ನ ಕೈ ಅಂತ. ನೀನೂ ಬರವಣಿಗೇಲಿ ತಗೊಂಡು ಬಾ, ನಂಬ್ತೀನಿ."

ಬರವಣಿಗೆಯಲ್ಲಿ ಕೊಡುವವರು ಯಾರು? ಮೆಟ್ಟಿಲಿಗೆ ಅರ ಹಾಕಿದ್ದನ್ನು ಒಪ್ಪಿಕೊಂಡರೆ ಸಂಗ್ರಹಾಲಯದ ಸ್ವತ್ತು ಕೆಡಿಸಿದ ಆರೋಪ ಬರುತ್ತದೆ. ಒಪ್ಪಿಕೊಳ್ಳದಿದ್ದರೆ ಮೇಸ್ತ್ರಿಯ ಕೈಯೇ ಕಳಂಕ ಹೊರಬೇಕು. ಹದಿನಾಲ್ಕು ತಿಂಗಳು ಈ ಬಿಸಿ ತುಪ್ಪವನ್ನು ಅವರು ನುಂಗಲೂ ಇಲ್ಲ, ಉಗುಳಲೂ ಇಲ್ಲ. "ಮೊದಲೇ ಧೈರ್ಯ ಮಾಡ್ಬೇಕಿತ್ತು. ಸಂಬಳದ ಆಸೆ ನೋಡಿ, ಬಾಯಿ ಕಟ್ಟಿಹಾಕ್ತು. ಮೇಲಧಿಕಾರಿ ಒಬ್ಬರ ಮೇಲೇ ನನಗೆ ಸಿಟ್ಟು ಅಂದ್ಕೋಬೇಡಿ," ಎನ್ನುವಾಗ ಅವರು ಮುಖ ಎತ್ತುವುದಿಲ್ಲ.

ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಕೆಲಸ ಹೋದೀತಲ್ಲವೇ ಎಂದು ಕೇಳಿದರೆ ಕುಂಚದ ಧೂಳು ಕೊಡವುತ್ತಾರೆ. ಅತ್ತೆಯ ಹತ್ತಿರ ಕೇಳಿಯಾಗಿದೆಯಂತೆ. "ಗುಡಿಸೋಕೆ ಊರ ತುಂಬಾ ಕಸ ಇದೆ, ಹೇಳಿ ಬಾ ಅಂದ್ರು. ಅವರು ನನ್ನ ಪರವಾಗಿ ಮಾತಾಡಿದ್ದು ಇದೇ ಮೊದಲು."

ಸಭಾಂಗಣದ ಗಡಿಯಾರ ಏಳು ಹೊಡೆಯುತ್ತದೆ, ಗುಡಿಸುವ ಹೊತ್ತಾಯಿತು. ಸೂಜಿಯಕ್ಕ ಮತ್ತೆ ಮೇಜಿನ ಕೆಳಗೆ ತೂರಿ ಈಚೆ ಬಂದು, ಮಂಡಿ ಉಜ್ಜಿಕೊಳ್ಳುತ್ತಾ ಎದ್ದು ನಿಲ್ಲುತ್ತಾರೆ.

"ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ, ಬೇಕಾದ್ರೆ ಬಿಡಿ. ಇದೊಂದು ಮಾತ್ರ ತಪ್ಪದೆ ಹಾಕಿ. ಮೆಟ್ಟಿಲಿಗೆ ಅರ ಹಾಕೋಕೆ ಮುಂಚೆ, ಮೇಸ್ತ್ರಿ ಬಿಟ್ಟುಹೋದ ಅಳತೆಪಟ್ಟಿ ತಗೊಂಡು ಎಂಟೂ ಬೋಗಿಯ ಅಷ್ಟೂ ಚಕ್ರ ಅಳೆದೆ. ಅರವತ್ನಾಲ್ಕು ಚಕ್ರ. ಎಲ್ಲಾ ಅವರೇ ಕೂರಿಸಿದ್ದು, ಆ ನಡುಗೋ ಕೈಯಲ್ಲಿ. ಒಂದರ ಅಳತೇನೂ ತಪ್ಪಿರ್ಲಿಲ್ಲ."