ಅಡ್ಡ ಹೋಗುವ ಕಾರಿಗೆ ಪೂಜೆ

ಕದ್ರಿಯ ನಮ್ಮ ನೆರೆಮನೆಯ ಅಭಿರಾಮ ವಾಹನ ವಿಮೆ ಮಾರುವವನು. ಹಗಲೆಲ್ಲ ಜನರಿಗೆ ಜಾಗ್ರತೆ ಹೇಳುವ ಈ ಮಹಾಶಯ ಸಂಜೆಯಾದರೆ ಹಳೆಯ ಜಪಾನಿ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸುತ್ತಾನೆ. ಅದಕ್ಕೆ ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕೂಡಿಸಿ, ತಿರುವಿನಲ್ಲಿ ಹಿಂಭಾಗವನ್ನು ಬೇಕೆಂದೇ ಜಾರಿಸುತ್ತ ಅಡ್ಡಡ್ಡ ಓಡಿಸುವ ಡ್ರಿಫ್ಟಿಂಗಿಗೆ ಸಜ್ಜು ಮಾಡುವುದೇ ಅವನ ತಪಸ್ಸು. ವರ್ಷಗಟ್ಟಲೆ ಕಾರು ಗೇಟು ದಾಟಲಿಲ್ಲ. ಆದರೂ ಹೊಸ ಬಿಡಿಭಾಗ ಬಂದಾಗಲೆಲ್ಲ ಅರ್ಚಕರಾದ ಅವನ ಅಪ್ಪ ರಾಧಾಕೃಷ್ಣ ಭಟ್ಟರ ಪೂಜೆ ಮಾತ್ರ ತಪ್ಪಲಿಲ್ಲ.

ಮೊನ್ನೆ ಭಾನುವಾರ ಟ್ಯೂನಿಂಗ್ ಮುಗಿಯಿತು. ಭಟ್ಟರು ನಾಲ್ಕೂ ಚಕ್ರಗಳ ಮುಂದೆ ಲಿಂಬೆಹಣ್ಣು ಇಟ್ಟು, "ಮೆಲ್ಲ ಮುಂದೆ ತೆಗಿ" ಎಂದರು. ಅಭಿರಾಮ ಮೆಲ್ಲ ತುಳಿಯುವವನೇ? ಟರ್ಬೊ ಶಿಳ್ಳೆ ಹಾಕಿತು. ಹಿಂದಿನ ಚಕ್ರಗಳು ಗರ್ರನೆ ತಿರುಗಿ ತಮ್ಮ ಲಿಂಬೆಗಳನ್ನು ಕಾಂಪೌಂಡ್ ಗೋಡೆಗೆ ಎಸೆದವು. ಕಾರು ಮುಂದೆ ಬರುವ ಬದಲು ಬಾಲ ತಿರುಗಿಸಿ, ತುಳಸಿಕಟ್ಟೆಯ ಪಕ್ಕ ಅಡ್ಡ ನಿಂತು ಆಫ್ ಆಯಿತು.

"ನೋಡಿದಿರಾ ಅಪ್ಪ? ಡ್ರಿಫ್ಟ್ ಅಂದ್ರೆ ಇದೇ."

"ನನ್ನ ಮಂತ್ರ ಎಲ್ಲ ಗಾಡಿ ನೇರ ಹೋಗ್ಲಿಕ್ಕೆ ಇರುವುದು ಮಾರಾಯ" ಎಂದ ಭಟ್ಟರು, ಮುಂದಿನ ಚಕ್ರಗಳ ಬಳಿ ಜಜ್ಜದೆ ಉಳಿದಿದ್ದ ಎರಡು ಲಿಂಬೆ ಎತ್ತಿ ಹೆಂಡತಿಯನ್ನು ಕರೆದರು. "ನೀರಜಾಕ್ಷಿ, ಇದರಲ್ಲಿ ಶರಬತ್ತು ಮಾಡು. ಇವ ಎಲ್ಲಿಗೂ ಹೋಗುವುದಿಲ್ಲ."